ಕಿಮ್ಚಿ ಡಬ್ಬಿಯಲ್ಲಿ ನೊರೆ ಬಂದರೆ ಎಸೆಯಬೇಕಾ?

ಪ್ರಶ್ನೆ: ಮೇಡಂ, ನಾವು ದಾವಣಗೆರೆ ಕಡೆಯವರು. ಯಜಮಾನರ ಕೆಲಸದಿಂದಾಗಿ ದಕ್ಷಿಣ ಕೊರಿಯಾದ ಸುವೊನ್‌ನಲ್ಲಿದ್ದೇವೆ. ಹೋದ ವಾರ ಪಕ್ಕದ ಮನೆ ಅಜ್ಜಿ ಚಳಿಗಾಲದ ಕಿಮ್ಚಿ, ಅಂದರೆ ಎಲೆಕೋಸಿಗೆ ಉಪ್ಪು, ಖಾರ ಹಾಕಿ ಹುಳಿ ಬರಿಸುವ ಕೊರಿಯಾದ ತಿನಿಸು, ಹಾಕಿದರು, ನಮಗೂ ಒಂದು ದೊಡ್ಡ ಡಬ್ಬಿ ಕೊಟ್ಟರು. ಫ್ರಿಜ್‌ನಲ್ಲಿ ಜಾಗ ಇಲ್ಲ ಅಂತ ಅಡುಗೆಮನೆ ಮೂಲೆಯಲ್ಲಿ ನೆಲದ ಮೇಲೆ ಇಟ್ಟಿದ್ದೆ. ಎರಡು ದಿನಕ್ಕೆ ಮುಚ್ಚಳ ಉಬ್ಬಿಕೊಂಡಿತು. ತೆಗೆದರೆ ಢಬ್ ಅಂತ ಸದ್ದು, ಒಳಗೆಲ್ಲ ನೊರೆ, ಹುಳಿ ವಾಸನೆ. ಊರಿಂದ ಬಂದಿರುವ ಅತ್ತೆ "ಕೆಟ್ಟು ಹೋಗಿದೆ, ಚೆಲ್ಲು" ಅಂದರು. ಕಿಮ್ಚಿ ತಿಂದರೆ ಹೊಟ್ಟೆ ಕ್ಯಾನ್ಸರ್ ಬರುತ್ತದೆ ಅಂತ ವಾಟ್ಸ್ಆ್ಯಪ್‌ನಲ್ಲಿ ಬಂದದ್ದನ್ನೂ ತೋರಿಸಿದರು. ಅಷ್ಟರಲ್ಲಿ ನಾವು ಸ್ವಲ್ಪ ತಿಂದಾಗಿತ್ತು. ಆಮೇಲೆ ಗೊತ್ತಾಯಿತು, ಅದರಲ್ಲಿ ಸೀಗಡಿ ಇರುತ್ತದಂತೆ. ನಾವು ಸಸ್ಯಾಹಾರಿಗಳು. ಸೀಗಡಿ ಇಲ್ಲದೆ ಮನೆಯಲ್ಲೇ ಮಾಡಬಹುದಾ? ಅತ್ತೆ ತಂದ ಬ್ಯಾಡಗಿ ಪುಡಿ ನಡೆಯುತ್ತದಾ? ಕಿಮ್ಚಿಗೆ ಅಂತ ಬೇರೆ ಫ್ರಿಜ್ ಬೇಕೇ ಬೇಕು ಅಂತಾರೆ, ಅದು ನಿಜವಾ? ಯಜಮಾನರಿಗೆ ಬಿಪಿ ಇದೆ. ನಾಲ್ಕು ವರ್ಷದ ಮಗನಿಗೆ ಡೇಕೇರ್‌ನಲ್ಲಿ ದಿನಾ ಕಿಮ್ಚಿ ಹಾಕುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಡಬ್ಬಿಯ ವಿಷಯ. ನೀವು ಬರೆದಿರುವ ಲಕ್ಷಣಗಳಲ್ಲಿ ಕೆಟ್ಟದ್ದು ಅನ್ನುವಂಥದ್ದು ಒಂದೂ ಇಲ್ಲ. ಮುಚ್ಚಳ ಉಬ್ಬುವುದು, ನೊರೆ, ಹುಳಿ ವಾಸನೆ, ಮೂರೂ ಕಿಮ್ಚಿ ಸರಿಯಾಗಿ ಹುದುಗು ಬರುತ್ತಿದೆ ಅನ್ನುವುದರ ಗುರುತು. ಈಗಲೇ ಫ್ರಿಜ್‌ಗೆ ಹಾಕಿ. ಜಾಗ ಇಲ್ಲದಿದ್ದರೆ ಎರಡು ಚಿಕ್ಕ ಡಬ್ಬಿಗೆ ಹಂಚಿ, ಮೇಲೆ ಕಾಲು ಭಾಗ ಖಾಲಿ ಬಿಡಿ.

ಎರಡೇ ದಿನಕ್ಕೆ ಇಷ್ಟು ಜೋರಾಗಿ ಹುಳಿ ಬಂದದ್ದು ಯಾಕೆ ಅಂದರೆ, ನೀವು ಇಟ್ಟ ಜಾಗ ಹಾಗಿದೆ. ಕೊರಿಯಾದ ಮನೆಗಳಲ್ಲಿ ಚಳಿಗಾಲಕ್ಕೆ ನೆಲವನ್ನೇ ಬಿಸಿ ಮಾಡುತ್ತಾರೆ, ಒಂದೊಲ್ ಅಂತ ಅದರ ಹೆಸರು. ಹೊರಗೆ ಐದು ಡಿಗ್ರಿ ಇದ್ದರೂ ನಿಮ್ಮ ಡಬ್ಬಿಯ ತಳ ಬೆಚ್ಚಗೆ ಕೂತಿತ್ತು. ಆ ಅಜ್ಜಿ ಬಹುಶಃ ಬಾಲ್ಕನಿಯಲ್ಲೋ ಫ್ರಿಜ್‌ನಲ್ಲೋ ಇಟ್ಟಿರುತ್ತಾರೆ.

ನಿಮ್ಮತ್ತೆ ಹೇಳಿದ್ದು ಸುಮ್ನೆ ಹೆದರಿಕೆಯಿಂದ ಬಂದ ಮಾತಲ್ಲ. ಅವರು ಅಳೆದದ್ದು ಉಪ್ಪಿನಕಾಯಿಯ ಅಳತೆಯಲ್ಲಿ. ನಮ್ಮ ಮಾವಿನಕಾಯಿ ಉಪ್ಪಿನಕಾಯಿ ಜಾಡಿಯಲ್ಲಿ ನೊರೆ ಬಂದರೆ ಅದು ಕೆಟ್ಟಿತು ಅಂತಲೇ ಅರ್ಥ. ಅಲ್ಲಿ ಉಪ್ಪು ಅಷ್ಟು ಜಾಸ್ತಿ, ಮೇಲೆ ಖಾರ, ಸಾಸಿವೆ, ಎಣ್ಣೆ ಬೇರೆ. ಯಾವ ಸೂಕ್ಷ್ಮಜೀವಿಯೂ ಬೆಳೆಯಬಾರದು ಅಂತಲೇ ಅದನ್ನು ಹಾಗೆ ಹಾಕುತ್ತೇವೆ. ಒದ್ದೆ ಚಮಚ ತಾಗಿಸಿದರೆ ಬೈಗುಳ ಬೀಳುವುದೂ ಅದಕ್ಕೇ. ಕಿಮ್ಚಿಯ ದಾರಿ ಇದಕ್ಕೆ ಪೂರ್ತಿ ಉಲ್ಟಾ. ಅದರಲ್ಲಿ ಉಪ್ಪು ನೂರಕ್ಕೆ ಎರಡು ಪಾಲು, ಹೆಚ್ಚೆಂದರೆ ಮೂರು. ಅಷ್ಟು ಉಪ್ಪಿಗೆ ಕೆಡಿಸುವ ಬ್ಯಾಕ್ಟೀರಿಯಾ ಹಿಂದೆ ಸರಿಯುತ್ತವೆ, ಹುಳಿ ಮಾಡುವ ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಅವು ಬೆಳೆಯಲೇಬೇಕು.

ಅವುಗಳಲ್ಲಿ ಮೊದಲು ಕೆಲಸಕ್ಕೆ ಇಳಿಯುವುದು ಲ್ಯೂಕೊನೊಸ್ಟಾಕ್ ಅನ್ನುವ ಗುಂಪು. ನಿಮ್ಮತ್ತೆಗೆ ಇದರ ಪರಿಚಯ ಚೆನ್ನಾಗಿಯೇ ಇದೆ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಗ್ಗೆ ಪಾತ್ರೆ ತುಂಬಿ ಉಬ್ಬುವುದು ಮುಖ್ಯವಾಗಿ ಇದೇ ಗುಂಪಿನಿಂದ. ಸಕ್ಕರೆಯ ಅಂಶ ತಿಂದು ಹುಳಿಯನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಇಡ್ಲಿಯಲ್ಲಿ ಅದೇ ಅನಿಲ ತೂತು ಮಾಡುತ್ತದೆ, ಕಿಮ್ಚಿಯಲ್ಲಿ ನಾಲಿಗೆ ಮೇಲೆ ಸ್ವಲ್ಪ ಸೋಡಾ ಕುಡಿದ ಹಾಗೆ ಚುರುಗುಟ್ಟುತ್ತದೆ. ಹುಳಿ ಏರಿದ ಮೇಲೆ ಈ ಗುಂಪು ಸುಸ್ತಾಗುತ್ತದೆ, ಹೆಚ್ಚು ಹುಳಿ ತಡೆಯುವ ಲ್ಯಾಕ್ಟೊಬ್ಯಾಸಿಲಸ್ ಜಾತಿಗಳು ಬರುತ್ತವೆ. ಹುಳಿಯನ್ನು ಅಳೆಯುವ ಅಂಕಿಗೆ ಪಿಎಚ್ ಅಂತಾರೆ, ಅದು ಇಳಿದಷ್ಟೂ ಹುಳಿ ಜಾಸ್ತಿ. ಪಿಎಚ್ 4.2ರಿಂದ 4.5ರ ಹತ್ತಿರ ಇದ್ದಾಗ ರುಚಿ ಚೆನ್ನ ಅಂತ ಕೊರಿಯನ್ನರ ಲೆಕ್ಕ. ಬೊಟುಲಿಸಂ ಎಂಬ ಪ್ರಾಣಕ್ಕೆ ಅಪಾಯವಾದ ಆಹಾರ ವಿಷಬಾಧೆ ತರುವ ಜೀವಿ 4.6ರ ಕೆಳಗೆ ಬೆಳೆಯುವುದಿಲ್ಲ. ಹಾಗಾಗಿ ಹುಳಿ ಬಂದ ಕಿಮ್ಚಿಗೆ ಆ ಭಯ ಬೇಡ.

ಉಪ್ಪಿನಕಾಯಿಗೆ ನೀರು ತಾಗಬಾರದು. ಕಿಮ್ಚಿ ತನ್ನ ಉಪ್ಪುನೀರಿನಲ್ಲಿ ಮುಳುಗಿಯೇ ಇರಬೇಕು. ಮೇಲೆ ತೇಲಿದ ಎಲೆಗೆ ಗಾಳಿ ತಾಗುತ್ತದೆ, ತೊಂದರೆ ಅಲ್ಲಿಂದಲೇ ಶುರು. ದಿನಾ ಶುದ್ಧ ಚಮಚದಲ್ಲಿ ಒತ್ತಿ ಮುಳುಗಿಸಿ. ಗಾಜಿನ ಬಾಟಲಿಗೆ ತುಂಬಿ ಬಿಗಿಯಾಗಿ ಮುಚ್ಚಿ ಹೊರಗೆ ಇಡಬೇಡಿ, ಅನಿಲದ ಒತ್ತಡಕ್ಕೆ ಬಾಟಲಿ ಒಡೆಯಬಹುದು. ಕಿಮ್ಚಿಯಿಂದ ಆಗುವ ಗಾಯಗಳಲ್ಲಿ ಇದೊಂದು ನಿಜವಾದದ್ದು. ಡಬ್ಬಿಯನ್ನು ತಟ್ಟೆ ಮೇಲೆ ಇಡಿ, ಸಿಂಕ್‌ನಲ್ಲಿ ತೆಗೆಯಿರಿ.

ಯಾವಾಗ ಎಸೆಯಬೇಕು? ಹಸಿರು, ಕಪ್ಪು ಅಥವಾ ಗುಲಾಬಿ ಬಣ್ಣದ ಬೂಸ್ಟು ಬಂದರೆ ಪೂರ್ತಿ ಡಬ್ಬಿ ಎಸೆಯಿರಿ. ಮೇಲಿನದು ತೆಗೆದು ಕೆಳಗಿನದು ತಿನ್ನುವ ಉಳಿತಾಯ ಬೇಡ. ಹುಳಿ ವಾಸನೆ ಹೋಗಿ ಕೊಳೆತ ವಾಸನೆ ಬಂದರೂ ಅಷ್ಟೇ. ಆದರೆ ಹಳೆಯ ಕಿಮ್ಚಿ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟುವುದುಂಟು, ಕೊರಿಯನ್ನರು ಗೊಲ್ಮಾಜಿ ಅಂತಾರೆ. ಅದು ಬೂಸ್ಟಲ್ಲ, ಯೀಸ್ಟ್. ಗ್ವಾಂಗ್‌ಜು ನಗರದಲ್ಲಿರುವ ವಿಶ್ವ ಕಿಮ್ಚಿ ಸಂಸ್ಥೆಯವರು 2018ರಲ್ಲಿ ಈ ಯೀಸ್ಟ್‌ಗಳನ್ನು ಪರೀಕ್ಷಿಸಿ ವಿಷದ ಅಂಶ ಇಲ್ಲ ಅಂತ ಹೇಳಿದ್ದಾರೆ. ಪೊರೆ ತೆಗೆದು, ಕಿಮ್ಚಿ ತೊಳೆದು, ಬೇಯಿಸಿ ತಿನ್ನಿ. ತೀರಾ ಹುಳಿಯಾದದ್ದೂ ದಂಡವಲ್ಲ. ತೋಫು (ಸೋಯಾ ಪನೀರ್) ಜೊತೆ ಕುದಿಸುವ ಕಿಮ್ಚಿ ಜಿಗೆ ಎಂಬ ಸಾರಿಗೆ ಅದೇ ಬೇಕು, ಹೊಸ ಕಿಮ್ಚಿ ಹಾಕಿದರೆ ರುಚಿಯೇ ಬರುವುದಿಲ್ಲ. ಅನ್ನದ ಜೊತೆ ಹುರಿದರೂ ಚೆನ್ನ. ನಿಮ್ಮತ್ತೆಗೆ ಒಮ್ಮೆ ಈ ಹುರಿದ ಅನ್ನ ಕೊಟ್ಟು ನೋಡಿ. ಹಸಿ ಕಿಮ್ಚಿ ಒಗ್ಗದವರಿಗೂ ಅದು ಹಿಡಿಸುತ್ತದೆ.

ನಿಜವಾಗಿ ಹುಷಾರಾಗಿರಬೇಕಾದ ಒಂದು ವಿಷಯ ಇದೆ, ಅದು ವಾಟ್ಸ್ಆ್ಯಪ್‌ನಲ್ಲಿ ಬರುವುದಿಲ್ಲ. ಇಡ್ಲಿ ಹಿಟ್ಟನ್ನು ನಾವು ಬೇಯಿಸುತ್ತೇವೆ, ಕಿಮ್ಚಿಯನ್ನು ಬೇಯಿಸುವುದಿಲ್ಲ. 2024ರ ಜುಲೈನಲ್ಲಿ ಕೊರಿಯಾದ ನಾಮ್ವೊನ್ ಊರಿನಲ್ಲಿ ಶಾಲೆ ಮಕ್ಕಳೂ ಸೇರಿ ಸಾವಿರದಷ್ಟು ಜನ ವಾಂತಿ ಭೇದಿಯಿಂದ ಮಲಗಿದರು. ಊಟಕ್ಕೆ ಬಂದಿದ್ದ ಕಿಮ್ಚಿಯಲ್ಲಿ ನೊರೊವೈರಸ್ ಸಿಕ್ಕಿತು. ಈ ವೈರಸ್ ಹುಳಿಗೆ ಜಗ್ಗುವುದಿಲ್ಲ, ಫ್ರಿಜ್‌ನ ತಂಪಿಗೂ ಜಗ್ಗುವುದಿಲ್ಲ. ಅದು ಬರುವುದು ಕೊಳಕು ನೀರಿನಿಂದ ಅಥವಾ ಹೊಟ್ಟೆ ಕೆಟ್ಟವರ ಕೈಯಿಂದ. ಆದ್ದರಿಂದ ಎಲೆ ಚೆನ್ನಾಗಿ ತೊಳೆಯುವುದು, ಕೈಗೆ ಸೋಪು ಹಾಕಿ ಆಮೇಲೆ ಗ್ಲೌಸ್ ಹಾಕುವುದು, ಮನೆಯಲ್ಲಿ ಯಾರಿಗಾದರೂ ಭೇದಿ ಆಗುತ್ತಿದ್ದರೆ ಆ ವಾರ ಕಿಮ್ಚಿ ಹಾಕದೇ ಇರುವುದು, ಇವೆಲ್ಲ ನೊರೆ ನೋಡಿ ಹೆದರುವುದಕ್ಕಿಂತ ಮುಖ್ಯ.

ಕ್ಯಾನ್ಸರ್ ಮೆಸೇಜು ಪೂರ್ತಿ ಸುಳ್ಳಲ್ಲ, ಹೇಳಿರುವ ರೀತಿ ಸುಳ್ಳು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1993ರಲ್ಲಿ ಏಷ್ಯಾದ ಸಾಂಪ್ರದಾಯಿಕ ಉಪ್ಪು ಹಾಕಿದ ತರಕಾರಿಗಳನ್ನು 2ಬಿ ಗುಂಪಿಗೆ ಸೇರಿಸಿತು. "ಇದರಿಂದ ಕ್ಯಾನ್ಸರ್ ಬರುವ ಸಾಧ್ಯತೆ ಇರಬಹುದು, ಸಾಕ್ಷಿ ಗಟ್ಟಿಯಾಗಿಲ್ಲ" ಅನ್ನುವ ಗುಂಪು ಅದು. ಕೊರಿಯಾದಲ್ಲಿ ಹೊಟ್ಟೆ ಕ್ಯಾನ್ಸರ್ ಜಾಸ್ತಿ ಅನ್ನುವುದು ನಿಜ. ಅದಕ್ಕೆ ಹೆಲಿಕೊಬ್ಯಾಕ್ಟರ್ ಎಂಬ ಸೋಂಕು ದೊಡ್ಡ ಕಾರಣ, ಒಟ್ಟು ಊಟದಲ್ಲಿ ಉಪ್ಪು ಜಾಸ್ತಿ ಇರುವುದೂ ಒಂದು ಕಾರಣ. ಊಟದ ಜೊತೆ ನಾಲ್ಕು ತುಂಡು ಕಿಮ್ಚಿ ತಿನ್ನುವ ಮನೆಗೆ ಇದನ್ನು ತಂದು ಹೆದರಿಸುವುದು ಸರಿಯಲ್ಲ. ಇನ್ನೊಂದು ಕಡೆ ಕಿಮ್ಚಿ ತಿಂದರೆ ಸಕ್ಕರೆ ಕಾಯಿಲೆ ಹೋಗುತ್ತದೆ, ಕೊರೊನಾ ಬರುವುದಿಲ್ಲ ಅಂತ ಹೇಳುವವರೂ ಇದ್ದಾರಲ್ಲ, ಅವರನ್ನೂ ನಂಬಬೇಡಿ.

ಯಜಮಾನರ ಬಿಪಿಗೆ ಉಪ್ಪಿನ ಲೆಕ್ಕ ಹಾಕೋಣ. ದಿನಕ್ಕೆ 5 ಗ್ರಾಂ ಒಳಗಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 50 ಗ್ರಾಂ ಕಿಮ್ಚಿ, ಅಂದರೆ ಒಂದು ಚಿಕ್ಕ ಬಟ್ಟಲು, ಸುಮಾರು 1 ಗ್ರಾಂ ಉಪ್ಪು. ಒಂದು ಹೊತ್ತಿಗೆ ಅಷ್ಟು ಪರವಾಗಿಲ್ಲ, ಆದರೆ ಅದೇ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿ ಬೇಡ. ಕಿಮ್ಚಿ ಜಿಗೆ ಮಾಡಿದ ದಿನ ಹೋಳು ತಿಂದು ಸಾರು ಬಿಡಲಿ. ಉಪ್ಪೆಲ್ಲ ಸಾರಿಗೆ ಇಳಿದಿರುತ್ತದೆ. ಬಿಪಿ ಮಾತ್ರೆ ಕೊಡುವ ಡಾಕ್ಟರಿಗೂ ಒಂದು ಮಾತು ಹೇಳಿ.

ಇನ್ನು ಸೀಗಡಿ. ಅಜ್ಜಿಯ ಕಿಮ್ಚಿಯಲ್ಲಿ ಇದ್ದದ್ದು ಸೆಉಜೊತ್, ಉಪ್ಪು ಹಾಕಿ ಹಣ್ಣಾಗಿಸಿದ ಪುಟ್ಟ ಸೀಗಡಿ. ಕೆಲವರು ಬೂತಾಯಿಗಿಂತ ಚಿಕ್ಕದಾದ ಮ್ಯೊಲ್ಚಿ ಮೀನಿನ ರಸ ಹಾಕುತ್ತಾರೆ, ಕೆಲವರು ಎರಡನ್ನೂ. ತಿಳಿಯದೆ ತಿಂದದ್ದರಿಂದ ಆರೋಗ್ಯಕ್ಕೇನೂ ಆಗುವುದಿಲ್ಲ. ಮನಸ್ಸಿಗೆ ಏನು ಮಾಡಿಕೊಳ್ಳಬೇಕು ಅನ್ನುವುದು ನಿಮ್ಮ ಮನೆಯ ವಿಷಯ, ಅದನ್ನು ನಾನು ಹೇಳಲಾರೆ. ಅಂಗಡಿಯಲ್ಲಿ ಕೊಳ್ಳುವಾಗ ಒಂದು ಮೋಸ ಹೋಗುವ ಜಾಗ ಇದೆ. ಕೊರಿಯಾದ ಪ್ಯಾಕೆಟ್ ಮೇಲೆ ಅಲರ್ಜಿ ಪಟ್ಟಿ ಕಡ್ಡಾಯ. ಸೀಗಡಿ ಅದರಲ್ಲಿ ಬರುತ್ತದೆ, ಮ್ಯೊಲ್ಚಿ ಬರುವುದಿಲ್ಲ. ಅಲರ್ಜಿ ಸಾಲು ಮಾತ್ರ ನೋಡಿ ಬುಟ್ಟಿಗೆ ಹಾಕಿದರೆ ಮೀನಿನ ರಸ ಮನೆಗೆ ಬಂತು ಅಂತಲೇ. ಸಾಮಗ್ರಿಗಳ ಪೂರ್ತಿ ಪಟ್ಟಿಯನ್ನು ಫೋನಿನಲ್ಲಿ ಅನುವಾದ ಮಾಡಿ ಓದಿ. ವೀಗನ್ ಅಂತ ಬರೆದ ಕಿಮ್ಚಿ ಈಗ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ. ಯಾರಾದರೂ ಪ್ರೀತಿಯಿಂದ ಕೊಡಲು ಬಂದರೆ "ಚೇಶಿಕ್", ಅಂದರೆ ಸಸ್ಯಾಹಾರಿ ಅಂತ ಹೇಳಿದರೆ ಸಾಲದು. ಮಾಂಸ ಇಲ್ಲ ಅಂದುಕೊಂಡು ಸೀಗಡಿಯದನ್ನೇ ಕೊಡುತ್ತಾರೆ. "ಜೊನುನ್ ಜೊತ್ಕರುಲ್ ಮೊನ್ ಮೊಗೊಯೊ" ಅನ್ನಿ. ಉಪ್ಪು ಹಾಕಿದ ಮೀನು ಸೀಗಡಿ ನಾನು ತಿನ್ನಲ್ಲ ಅಂತ.

ಮೀನಿಲ್ಲದಿದ್ದರೆ ಅದು ಕಿಮ್ಚಿಯೇ ಅಲ್ಲ ಅನ್ನುವವರು ಕೊರಿಯಾದಲ್ಲೂ ಇದ್ದಾರೆ. ಅವರು ಬೌದ್ಧ ವಿಹಾರಗಳ ಅಡುಗೆಮನೆ ನೋಡಿಲ್ಲ. ಅಲ್ಲಿ ಮೀನು ಹಾಕುವುದಿಲ್ಲ, ಬೆಳ್ಳುಳ್ಳಿ ಈರುಳ್ಳಿಯೂ ಇಲ್ಲ. ಆದರೂ ಚಳಿಗಾಲಕ್ಕೆ ರಾಶಿ ರಾಶಿ ಕಿಮ್ಚಿ ಹಾಕುತ್ತಾರೆ. ಸೋಲ್‌ನ ಜೊಗ್ಯೆಸಾ ಬೌದ್ಧ ದೇವಾಲಯದ ಎದುರಿಗೇ ಜೊಗ್ಯೆ ಪಂಥದವರ ಬಾರು ಗೊಂಗ್ಯಾಂಗ್ ಎಂಬ ಹೋಟೆಲಿದೆ. ಅಗ್ಗವಲ್ಲ, ಆದರೆ ಅತ್ತೆ ಊರಿಗೆ ಹೊರಡುವ ಮುಂಚೆ ಒಮ್ಮೆ ಕರೆದುಕೊಂಡು ಹೋಗಬಹುದು.

ಮನೆಯಲ್ಲಿ ಮಾಡುವುದಾದರೆ ಒಂದೇ ಬೆಚು, ಅಂದರೆ ಉದ್ದನೆಯ ಕೊರಿಯನ್ ಎಲೆಕೋಸಿನಿಂದ ಶುರು ಮಾಡಿ. ಒಂದೊಂದೂ ಎರಡು ಕಿಲೋಗಿಂತ ಜಾಸ್ತಿಯೇ ತೂಗುತ್ತದೆ. ಬುಡದಲ್ಲಿ ಚಾಕು ಹಾಕಿ, ಮೇಲೆ ಕೈಯಿಂದ ಸೀಳಿ ನಾಲ್ಕು ಭಾಗ ಮಾಡಿ. ಚಾಕುವಿನಿಂದಲೇ ಪೂರ್ತಿ ಕೊಯ್ದರೆ ಒಳಗಿನ ಪುಟ್ಟ ಎಲೆಗಳೆಲ್ಲ ತುಂಡಾಗಿ ಉದುರುತ್ತವೆ. ಎರಡು ಕಿಲೋಗೆ 200 ಗ್ರಾಂ ಕಲ್ಲುಪ್ಪು ತೂಗಿಕೊಳ್ಳಿ. ಚಮಚದ ಅಳತೆ ಬೇಡ, ಪುಡಿ ಉಪ್ಪಿನ ಒಂದು ಚಮಚ ಕಲ್ಲುಪ್ಪಿನ ಒಂದು ಚಮಚಕ್ಕಿಂತ ಭಾರ. ಹೊಸಬರ ಕಿಮ್ಚಿ ಉಪ್ಪುಪ್ಪಾಗುವುದು ಹೆಚ್ಚಾಗಿ ಇಲ್ಲೇ. ಅರ್ಧ ಉಪ್ಪನ್ನು ಒಂದೂವರೆ ಲೀಟರ್ ನೀರಿಗೆ ಕರಗಿಸಿ ಎಲೆಕೋಸು ಅದ್ದಿ. ಉಳಿದದ್ದನ್ನು ಎಲೆ ಎತ್ತಿ ಎತ್ತಿ ಬುಡದ ದಪ್ಪ ಬಿಳಿ ದಂಟಿಗೆ ಉದುರಿಸಿ. ತುದಿಯ ಹಸಿರಿಗೆ ಬೇಡ. ಎರಡು ಗಂಟೆಗೊಮ್ಮೆ ಮಗುಚಿ.

ಆರೇಳು ಗಂಟೆಯಾದ ಮೇಲೆ ಒಳಗಿನ ಒಂದು ದಂಟು ಹಿಡಿದು ಹಿಂದಕ್ಕೆ ಬಗ್ಗಿಸಿ. ಪಟ್ ಅಂತ ಮುರಿದರೆ ಇನ್ನೂ ಬೇಕು. ಮುರಿಯದೆ ಬೆರಳಿಗೆ ಸುತ್ತಿಕೊಂಡರೆ ಆಯಿತು. ಗಡಿಯಾರ ನೋಡುವುದಕ್ಕಿಂತ ಈ ಪರೀಕ್ಷೆ ನಂಬಿ. ಮೂರು ನೀರಿನಲ್ಲಿ ತೊಳೆದು, ಕೊಯ್ದ ಮುಖ ಕೆಳಗೆ ಮಾಡಿ ಎರಡು ಗಂಟೆ ಬಸಿಯಲು ಬಿಡಿ. ಒಂದು ತುಂಡು ಬಾಯಿಗೆ ಹಾಕಿ ನೋಡಿ, ಹಿತವಾದ ಉಪ್ಪಿರಬೇಕು, ಅಷ್ಟೇ. ಇಷ್ಟೆಲ್ಲ ಯಾರು ಮಾಡುತ್ತಾರೆ ಅನ್ನಿಸಿದರೆ, ಕಿಮ್ಚಿ ಹಾಕುವ ಕಾಲದಲ್ಲಿ ಉಪ್ಪು ಹಾಕಿ ತೊಳೆದ ಎಲೆಕೋಸೇ ಸಿಗುತ್ತದೆ. ಜೊರಿಮ್ ಬೆಚು ಅಂತ ಕೇಳಿ. ದೊಡ್ಡ ಪೆಟ್ಟಿಗೆ 20 ಕಿಲೋದ್ದು, ಅದಕ್ಕೆ ಕೈ ಹಾಕಬೇಡಿ. ಅಜ್ಜಿ ಮುಂದಿನ ಸಲ ತರಿಸುವಾಗ ನಿಮಗೂ ನಾಲ್ಕು ಕಿಲೋ ಕೊಡಲು ಹೇಳಿ.

ಮಸಾಲೆಯಲ್ಲಿ ಸೀಗಡಿ ಕೊಡುತ್ತಿದ್ದ ಆಳವಾದ ರುಚಿಯನ್ನು ಬೇರೆ ಕಡೆಯಿಂದ ತರಬೇಕು. ದಾಶಿಮಾ ಎಂಬ ಒಣಗಿಸಿದ ಸಮುದ್ರ ಪಾಚಿಯ ಎಲೆ, ಒಣಗಿದ ಪ್ಯೊಗೊ ಅಣಬೆ, ಇವೆರಡನ್ನು ಕುದಿಸಿ ಒಂದೂವರೆ ಕಪ್ ರಸ ತೆಗೆಯಿರಿ. ದಾಶಿಮಾವನ್ನು ಜಾಸ್ತಿ ಹೊತ್ತು ಕುದಿಸಿದರೆ ಲೋಳೆಯಾಗುತ್ತದೆ, ಹತ್ತು ನಿಮಿಷಕ್ಕೆ ತೆಗೆದುಬಿಡಿ. ಆ ರಸಕ್ಕೆ ಎರಡು ದೊಡ್ಡ ಚಮಚ ಅಂಟಕ್ಕಿ ಹಿಟ್ಟು ಕಲಸಿ ಗಂಜಿಯ ಹಾಗೆ ಕಾಸಿ, ಪೂರ್ತಿ ಆರಿಸಿ. ಅದಕ್ಕೆ ಮೂರು ದೊಡ್ಡ ಚಮಚ ಗುಕ್ ಗಾಂಜಾಂಗ್, ಸಾರಿಗೆ ಹಾಕುವ ಉಪ್ಪಾದ ಸೋಯಾ ರಸ. ಇದರಲ್ಲೂ ಕೆಲವು ಬಾಟಲಿಗೆ ಮೀನು ಸೇರಿಸಿರುತ್ತಾರೆ, ಪಟ್ಟಿ ಓದಿ. ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಶುಂಠಿ, ತುರಿದ ಅರ್ಧ ಪೇರ್ ಹಣ್ಣು, ತೆಳ್ಳಗೆ ಹೆಚ್ಚಿದ ಮೂಲಂಗಿ, ಈರುಳ್ಳಿ ಸೊಪ್ಪು. ಬೆಳ್ಳುಳ್ಳಿ ತಿನ್ನದ ಮನೆಯಾದರೆ ಬಿಟ್ಟುಬಿಡಿ, ಹುದುಗು ಬರಲು ಅದು ಬೇಕೇ ಬೇಕು ಅಂತೇನಿಲ್ಲ.

ಬ್ಯಾಡಗಿ ಬಗ್ಗೆ ಕೇಳಿದ್ದೀರಿ, ಈ ಪ್ರಶ್ನೆ ನನಗೆ ಖುಷಿ ಕೊಟ್ಟಿತು. ಕೊರಿಯಾದ ಗೊಚುಗಾರು ಎಂಬ ಮೆಣಸಿನಪುಡಿಗೆ ಕೆಂಪು ಜಾಸ್ತಿ, ಖಾರ ಕಮ್ಮಿ. ಬ್ಯಾಡಗಿಯೂ ಹಾಗೇ. ನಮ್ಮ ಮೆಣಸಿನಕಾಯಿಗಳಲ್ಲಿ ಅದಕ್ಕೆ ಹತ್ತಿರವಾದದ್ದು ಇದೇ, ಗುಂಟೂರು ಹಾಕಿದರೆ ಬಾಯಿಗೆ ಇಡಲಾಗದು. ತೊಂದರೆ ಇರುವುದು ಪುಡಿಯಲ್ಲಿ. ಗೊಚುಗಾರುವನ್ನು ಬೀಜ ತೆಗೆದು ತರಿತರಿಯಾಗಿ ಮಾಡುತ್ತಾರೆ. ನಮ್ಮದು ಬೀಜ ಸಮೇತ ನುಣ್ಣಗೆ. ಪೂರ್ತಿ ಅದನ್ನೇ ಹಾಕಿದರೆ ಮಸಾಲೆ ಕೆಸರಿನಂತೆ ಎಲೆಗೆ ಮೆತ್ತಿಕೊಳ್ಳುತ್ತದೆ, ಕಹಿಯೂ ಬರಬಹುದು. ಎರಡು ಕಿಲೋಗೆ ಒಟ್ಟು 80 ಗ್ರಾಂ ಪುಡಿ ಸಾಕು, ಅದರಲ್ಲಿ ಕಾಲು ಭಾಗ ಬ್ಯಾಡಗಿ, ಉಳಿದದ್ದು ಗೊಚುಗಾರು ಹಾಕಿ. ಅತ್ತೆಯ ಪುಡಿಯಲ್ಲಿ ಧನಿಯಾ, ಜೀರಿಗೆ ಸೇರಿದ್ದರೆ ಮಾತ್ರ ಬೇಡವೇ ಬೇಡ. ಮೆಣಸಿನಕಾಯಿ ಕೊರಿಯಾಕ್ಕೂ ಹೊರಗಿನಿಂದ ಬಂದದ್ದೇ. 1614ರ ಒಂದು ಕೊರಿಯನ್ ಗ್ರಂಥದಲ್ಲಿ ಅದರ ಪ್ರಸ್ತಾಪ ಇದೆ. ಮೆಣಸಿನಕಾಯಿ ಬರುವ ಮುಂಚೆ ಅಲ್ಲಿ ಉಪ್ಪು ಹಾಕಿದ ತರಕಾರಿ ಅದಿಲ್ಲದೇ ಇರುತ್ತಿತ್ತು.

ಎಲೆ ಎಲೆಗೂ ಸವರಿ, ಹೊರಗಿನ ದೊಡ್ಡ ಎಲೆಯಲ್ಲಿ ಸುತ್ತಿ, ಗಾಳಿ ಹೋಗುವಂತೆ ಡಬ್ಬಿಗೆ ಒತ್ತಿ. ಮನೆಯ ಒಳಗೆ ಒಂದು ದಿನ, ಗುಳ್ಳೆ ಕಂಡ ಕೂಡಲೇ ಫ್ರಿಜ್. ನೆಲದ ಮೇಲೆ ಬೇಡ, ಕಟ್ಟೆ ಮೇಲೆ. ಬೇಸಿಗೆಯಲ್ಲಾದರೆ ಅರ್ಧ ದಿನವೇ ಸಾಕು. ಹುದುಗು ಬೇಗ ಬರಲಿ ಅಂತ ಮೊಸರು, ವಿನೆಗರ್ ಸೇರಿಸಬೇಡಿ. ಬೇಕಾದ ಬ್ಯಾಕ್ಟೀರಿಯಾ ತರಕಾರಿಯ ಜೊತೆಗೇ ಬಂದಿರುತ್ತವೆ, ವಿನೆಗರ್ ಹಾಕಿದರೆ ಅವುಗಳಿಗೇ ಅಡ್ಡಿ.

ಕಿಮ್ಚಿ ಫ್ರಿಜ್ ಕೊಳ್ಳಬೇಡಿ. 1995ರಲ್ಲಿ ದಿಮ್ಚೆ ಎಂಬ ಹೆಸರಿನದು ಬಂದ ಮೇಲೆ ಅದು ಅಲ್ಲಿ ಮನೆಮನೆಯ ವಸ್ತುವಾಯಿತು, ನಿಜ. ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಏರಿಳಿಯದ ತಂಪನ್ನು ಅದು ಕೊಡುತ್ತದೆ. ಹಿಂದೆ ನೆಲದಲ್ಲಿ ಹೂತ ಮಣ್ಣಿನ ಗುಡಾಣ ಮಾಡುತ್ತಿದ್ದದ್ದೂ ಅದನ್ನೇ. ಆದರೆ ಅದು ವರ್ಷಕ್ಕೆ ಐವತ್ತು ಎಲೆಕೋಸು ಹಾಕುವ ಮನೆಗೆ. ನಿಮಗೆ ತಿಂಗಳಿಗೆ ಒಂದು ಎಲೆಕೋಸು ಸಾಕು. ಸಾಮಾನ್ಯ ಫ್ರಿಜ್‌ನ ಕೆಳಗಿನ ಹಿಂದಿನ ಮೂಲೆಯಲ್ಲಿಡಿ, ಬಾಗಿಲಲ್ಲಿ ಬೇಡ. ಆ ದುಡ್ಡಿಗೆ ಮಗನಿಗೆ ಒಳ್ಳೆಯ ಚಳಿಗಾಲದ ಕೋಟು, ಬೂಟು ಎರಡೂ ಬಂದು ಇನ್ನೂ ಉಳಿಯುತ್ತದೆ.

ಮಗನ ಡೇಕೇರ್ ಊಟದ ಬಗ್ಗೆ ಇಷ್ಟು. ನಾಲ್ಕು ವರ್ಷದ ಮಗುವಿಗೆ ಎರಡು ಮೂರು ಪುಟ್ಟ ತುಂಡು ಕಿಮ್ಚಿಯಿಂದ ತೊಂದರೆ ಇಲ್ಲ. ಚಿಕ್ಕ ಮಕ್ಕಳಿಗೆ ಅಲ್ಲಿ ಸಾಮಾನ್ಯವಾಗಿ ಖಾರವಿಲ್ಲದ ಬೆಕ್ ಕಿಮ್ಚಿ ಅಥವಾ ನೀರಲ್ಲಿ ತೊಳೆದ ಕಿಮ್ಚಿ ಕೊಡುತ್ತಾರೆ. ಸೀಗಡಿ ಬೇಡ ಅನ್ನುವುದಾದರೆ ತಿಂಗಳ ಮೆನು ಹಾಳೆ ನೋಡಿ. ಪ್ರತಿ ತಿನಿಸಿನ ಪಕ್ಕ ಚಿಕ್ಕ ಅಂಕಿಗಳಿರುತ್ತವೆ, 1 ಮೊಟ್ಟೆ, 2 ಹಾಲು, 5 ಸೋಯಾ, 9 ಸೀಗಡಿ. ಕಿಮ್ಚಿಯ ಪಕ್ಕ 9 ಇದ್ದರೆ ಸೀಗಡಿ ಇದೆ ಅಂತ. 9 ಇಲ್ಲದಿದ್ದರೂ ಮ್ಯೊಲ್ಚಿ ಇರಬಹುದು, ಅದಕ್ಕೆ ಅಂಕಿಯೇ ಇಲ್ಲ, ಟೀಚರನ್ನೇ ಕೇಳಬೇಕು. ಮನೆಯಲ್ಲಿ ಮಾಡಿದ್ದನ್ನು ಡಬ್ಬಿಗೆ ಹಾಕಿ ಕಳಿಸಬಹುದಾ ಅಂತಲೂ ಆಗಲೇ ಕೇಳಿಬಿಡಿ. ಕೆಲವು ಡೇಕೇರ್‌ಗಳು ಹೊರಗಿನ ಊಟ ಬಿಡುವುದಿಲ್ಲ. ಹಾಗಾದರೆ ಕಿಮ್ಚಿ ಬಡಿಸಬೇಡಿ ಅಂತ ಬರೆದು ಕೊಡಿ. ಬಾಯಲ್ಲಿ ಹೇಳಿದ್ದು ಅಡುಗೆಯವರ ತನಕ ತಲುಪುವುದು ಕಷ್ಟ.